ಕಿವಿಯಲ್ಲಿ ಹೇಳುವ ಬೆಲೆ

ಕಿಯೋಜ್ಜಾದ ಮೀನುಪೇಟೆಯಲ್ಲಿ ಯಾರೂ ಕೂಗುವುದಿಲ್ಲ.
ಕೊಳ್ಳುವವರು ಒಬ್ಬೊಬ್ಬರಾಗಿ ಬಗ್ಗಿ
ಹರಾಜಿನವನ ಕಿವಿಯಲ್ಲಿ ಬೆಲೆ ಉಸುರುತ್ತಾರೆ
ಪಕ್ಕದವನ ಮೀಸೆಗೂ ತಿಳಿಯದ ಹಾಗೆ.
ಮೂವತ್ತೊಂದು ವರ್ಷ ಉಸುರಿದ್ದಾಳೆ ಒರಿಯೆಲ್ಲಾ ತಿಯೊಜ್ಜೊ,
ಒಂದು ಅಂಕಿ ತಪ್ಪದೆ.

ಕಳೆದ ಡಿಸೆಂಬರಿನ ಒಂದು ನಸುಕಿನಲ್ಲಿ
ನಲವತ್ತು ಪೆಟ್ಟಿಗೆ ಬೂತಾಯಿಗೆ
ನಂಗುಮೀನಿನ ಬೆಲೆ ಹೇಳಿದಳು.
ಹರಾಜಿನವನು ಮುಖ ನೋಡಿದ.
ಅವಳು ನಗುತ್ತಿದ್ದಳು,
ಆ ಚಳಿಯಲ್ಲಿ ಹಣೆತುಂಬ ಬೆವರು.

ಕುಡಿದಿದ್ದಾಳೆ, ಅಂದರು.
ಗಂಡ ಹೋದ ಮೇಲೆ ಹೀಗೇ, ಅಂದ ಮೈದುನ.
ಊರ ಡಾಕ್ಟರು ನಿದ್ದೆಯ ಮಾತ್ರೆ ಬರೆದುಕೊಟ್ಟ.
ಅವಳಿಗೊಂದೇ ಗೊತ್ತಿತ್ತು:
ಕಾಫಿ ಅಂಗಡಿಯಿಂದ ಕದ್ದ ಸಕ್ಕರೆ ಪೊಟ್ಟಣ
ಹರಿದು ನಾಲಗೆಗೆ ಸುರಿದರೆ
ಓಡಾಡುತ್ತಿದ್ದ ಬಂದರಿನ ದೀಪಗಳು
ತಮ್ಮ ತಮ್ಮ ಕಂಬಕ್ಕೆ ಮರಳಿ ನಿಲ್ಲುತ್ತವೆ.

ಇದೆಲ್ಲ ಅವಳೇ ಹೇಳಿದ್ದು,
ವೆರೋನಾದ ಆಸ್ಪತ್ರೆಯಲ್ಲಿ, ಹಿಂದಿನ ರಾತ್ರಿ,
ಬಾಯಿಗೆ ಉಪವಾಸ, ತೋಳಿಗೆ ಗ್ಲೂಕೋಸು.
ನಾನು ಅರಿವಳಿಕೆಯ ನರ್ಸು.
ನನ್ನ ಕೆಲಸವೂ ಅಂಕಿ ಹೇಳುವುದೇ
(ಆದರೆ ಜೋರಾಗಿ) ಅಂದೆ.
ಹಾಗಾದರೆ ನಿನಗೆ ವ್ಯಾಪಾರ ಬರುವುದಿಲ್ಲ, ಅಂದಳು.

ಮೇದೋಜೀರಕ ಅಡಗಿರುವುದು ಜಠರದ ಬೆನ್ನಿಗೆ,
ಮುಟ್ಟಿದರೆ ಮುನಿ.
ಹೊಲಿಗೆ ಜಾರಿದರೆ ಅದರ ರಸ
ತನ್ನ ಮನೆಯನ್ನೇ ಜೀರ್ಣಿಸಿಕೊಳ್ಳುತ್ತದೆ.
ಅದರೊಳಗೆ ಇವಳದೊಂದು ಗಡ್ಡೆ,
ಹತ್ತು ಲಕ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ಬರುವಂಥದ್ದು,
ಅದರಲ್ಲೂ ಕ್ಯಾನ್ಸರಿನ ಕಡೆಗೆ ವಾಲಿದ್ದು.
ಹಸಿವು ಕೇಳುವುದಿಲ್ಲ, ಊಟ ನೋಡುವುದಿಲ್ಲ,
ಹಗಲಿರುಳು ಇನ್ಸುಲಿನ್ ಸುರಿಸುತ್ತದೆ,
ಬಡಿಸುವ ಮೊದಲೇ ತಟ್ಟೆ ಎತ್ತುವ ಆಳು.

ಡಾಕ್ಟರ್ ಬೆವಿಲಾಕ್ವ ಕಣ್ಣು ಮುಚ್ಚಿ
ಎರಡು ಬೆರಳ ನಡುವೆ ಗ್ರಂಥಿ ಹಿಡಿದು
ತಲೆಯಿಂದ ಬಾಲಕ್ಕೆ ಸರಿದರು.
ಸ್ಕ್ಯಾನು ತೋರಿಸಿದ್ದನ್ನು ಬೆರಳು ಒಪ್ಪಬೇಕು.
ಬಾಲದ ಕೊನೆಯಲ್ಲಿ, ಗುಲ್ಮದ ಹತ್ತಿರ,
ದಪ್ಪ ಚೆರ್ರಿಯಷ್ಟು, ಚೆರ್ರಿಯ ಬಣ್ಣವೇ.
ಐವತ್ತೆಂಟು, ಅಂದೆ.
ಅಭಿಧಮನಿಯೊಂದು ಅದಕ್ಕೆ ಅಂಟಿಕೊಂಡಿತ್ತು.
ಐವತ್ತನಾಲ್ಕು.
ಅಂಟು ಬಿಡಿಸುವಾಗ ರಕ್ತ ಚಿಮ್ಮಿತು.
ಆ ಆರು ನಿಮಿಷ ನಾನು ಅಂಕಿ ಹೇಳಲಿಲ್ಲ,
ಯಾರೂ ಕೇಳಲೂ ಇಲ್ಲ.
ರೇಡಿಯೋ ಆರಿಸಿದ್ದು ಯಾರೋ ಗೊತ್ತಿಲ್ಲ.

ಬಾಲ ಕತ್ತರಿಸಿ ತಟ್ಟೆಗೆ ಇಟ್ಟರು.
ಆಮೇಲೆ ಕಾಯುವುದು.
ಬೆರಳಿಗೆ ಸಿಕ್ಕಿದ್ದು ಅದೊಂದೇ ಹೌದಾದರೆ
ಸಕ್ಕರೆ ತಾನಾಗಿ ಏರಬೇಕು.
ಹತ್ತು ನಿಮಿಷ: ಅರವತ್ತೊಂದು.
ಇಪ್ಪತ್ತು: ಎಂಬತ್ತು.
ಇನ್ನೊಮ್ಮೆ ನೋಡು, ಅಂದರು ಬೆವಿಲಾಕ್ವ.
ಇನ್ನೊಮ್ಮೆ ನೋಡಿದೆ. ನೂರ ನಾಲ್ಕು.
ಯಾರೂ ಚಪ್ಪಾಳೆ ತಟ್ಟಲಿಲ್ಲ.
ಹೊಲಿಯಲು ಬಹಳ ಬಾಕಿಯಿತ್ತು.

ಸಂಜೆ ಅವಳು ಕಣ್ಣು ತೆರೆದಾಗ
ಬಗ್ಗಿ, ಪಕ್ಕದ ಹಾಸಿಗೆಗೆ ಕೇಳದ ಹಾಗೆ,
ಕಿವಿಯಲ್ಲಿ ಉಸುರಿದೆ:
ನೂರ ಮೂವತ್ತೆರಡು.
ಒಣಗಿದ ತುಟಿ ಬಿಡಿಸಿಕೊಂಡು ಕೇಳಿದಳು,
ಬೂತಾಯಿಗೋ, ನಂಗಿಗೋ?

ಮೂರನೆಯ ವಾರ ವರದಿ ಬಂತು.
ಹನ್ನೊಂದು ಹಾಲ್ರಸ ಗಂಟು ತೆಗೆದಿದ್ದರು,
ಒಂದರಲ್ಲಿ ಜೀವಕೋಶ ಸಿಕ್ಕಿತ್ತು.
ಆರು ತಿಂಗಳಿಗೊಮ್ಮೆ ಬರಬೇಕು.
ಬೆವಿಲಾಕ್ವ ಶೇಕಡಾ ಲೆಕ್ಕ ಹೇಳುತ್ತಲೇ ಇದ್ದರು,
ಇವಳು ಕೈ ಅಡ್ಡ ಹಿಡಿದಳು.

ಹನ್ನೊಂದರಲ್ಲಿ ಒಂದು ಕೆಟ್ಟಿದ್ದರೆ
ಪೆಟ್ಟಿಗೆ ಕೊಳ್ಳಬಹುದು ಡಾಕ್ಟರೇ.
ಮೇಲಿನ ಸಾಲು ನೋಡಿ ನಂಬಬಾರದು ಅಷ್ಟೆ,
ತಳದವರೆಗೂ ಕೈ ಹಾಕಿ
ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಬೇಕು.

ಹೊರಡುವಾಗ ಕೋಟಿನ ಜೇಬು ಬರಿದು ಮಾಡಿ
ನನ್ನ ಮೇಜಿನ ಮೇಲೆ ಸುರಿದಳು
ಹದಿನೇಳು ಸಕ್ಕರೆ ಪೊಟ್ಟಣ,
ಹದಿನೇಳು ಅಂಗಡಿಯ ಹೆಸರು.
ಬಾಗಿಲವರೆಗೆ ಹೋಗಿ ಮತ್ತೆ ಬಂದು
ಒಂದನ್ನು ವಾಪಸು ತೆಗೆದುಕೊಂಡಳು.